ಚಿಕ್ಕತಾಯಮ್ಮನ ಸೊಂಟ, ಮಾಯಿಗನ ಕಾಲು

ಕಲ್ಮಂಟಿ ಅಂತ ಒಂದೂರು. ಎಂಬತ್ತು ಮನೆ, ಮುನ್ನೂರು ಸೊಂಟ. ಅಷ್ಟೂ ಸೊಂಟಗಳ ಗುಟ್ಟು ಗೊತ್ತಿದ್ದದ್ದು ಒಬ್ಬಳಿಗೇ, ಚಿಕ್ಕತಾಯಮ್ಮನಿಗೆ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವವಳು ಅವಳು. ಹಸುಗೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ನೀವುವವಳು ಅವಳು. ಕುತ್ತಿಗೆ ಹಿಡಿದವರಿಗೆ, ಭುಜ ಬಿಗಿದವರಿಗೆ, ಮೀನಖಂಡ ಗಂಟು ಕಟ್ಟಿದವರಿಗೆ ಹರಳೆಣ್ಣೆ ಕಾಯಿಸಿ ತಿಕ್ಕುವವಳೂ ಅವಳೇ. ಅವಳ ಹೆಬ್ಬೆರಳು ಬೆನ್ನ ಮೇಲೆ ಒಂದು ಸಲ ಇಳಿದು ಬಂದರೆ ಸಾಕು, ಹೋದ ವರ್ಷ ನೀವು ಯಾರ ಮನೆ ಮೂಟೆ ಹೊತ್ತಿರಿ ಅಂತ ಹೇಳಿಬಿಡುತ್ತಿದ್ದಳು. ಸುಳ್ಳಲ್ಲ. ಇದ್ದರೂ ಸ್ವಲ್ಪ.

ಅಂಥವಳಿಗೆ ಒಬ್ಬನೇ ಮಗ, ಮಾಯಿಗ. ವಯಸ್ಸು ಇಪ್ಪತ್ತೈದು, ಎತ್ತಿನಂಥ ಹೆಗಲು, ಹೇಳಿದ ಮಾತು ಮೀರದವನು. ಅದೇ ತೊಂದರೆ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಮಳೆ ಬಂದ್ರೆ ಒಣಗಾಕಿರೋ ರಾಗಿ ಒಳಕ್ಕೆ ತಾ ಮಗಾ" ಅಂದು ಹೋದರೆ, ಮೋಡ ಕವಿದಾಗ ಸುಮ್ಮನೆ ಕೂತ, ಹನಿ ಬಿದ್ದಾಗ ಸುಮ್ಮನೆ ಕೂತ, ಮಳೆಯೆಲ್ಲ ಸುರಿದು ನಿಂತ ಮೇಲೆ ಎದ್ದು ರಾಗಿ ಹೊತ್ತು ತಂದ. "ಈಗ ಬಂತು ಕಣವ್ವ, ಪೂರ್ತಿ ಬಂತು!"

ಅವನು ಹುಟ್ಟುವಾಗ ತಲೆ ಮುಂದಾಗಿ ಬರಲಿಲ್ಲ, ಕಾಲು ಮುಂದಾಗಿ ಬಂದ. ಮೂರು ದಿನ ನೋವು ತಿಂದಳಂತೆ ತಾಯಿ. ಐದು ದಿನ ಅಂತಲೂ ಅನ್ನುತ್ತಾರೆ. ಕತೆಗೆ ಐದೇ ಚೆಂದ, ಐದೇ ಇರಲಿ. ಅದಕ್ಕೇ ಅವನು ಏನಾದರೂ ಎಡವಟ್ಟು ಮಾಡಿದಾಗಲೆಲ್ಲ ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡು,

"ಕಾಲು ಮೊದ್ಲು ಬಂತು ಕಣ್ಲಾ ನಿಂದು, ಬುದ್ಧಿ ಇನ್ನೂ ದಾರೀಲೇ ಐತೆ!" ಅನ್ನುತ್ತಿದ್ದಳು.

ಮಾಯಿಗನಿಗೆ ಬೇಜಾರೇ ಇಲ್ಲ. "ಬರ್ಲಿ ಬಿಡವ್ವ. ಕಾಯ್ತೀನಿ."

ಆದರೆ ಆ ಕಾಲಿಗೆ ಊರಲ್ಲಿ ಭಾರೀ ಮರ್ಯಾದೆ. ಕಾಲು ಮುಂದಾಗಿ ಹುಟ್ಟಿದವರು ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಮೂರು ಸಲ ಕಾಲು ತಾಗಿಸಿದರೆ ಉಳುಕಿದ ಸೊಂಟ ಬಿಟ್ಟುಕೊಳ್ಳುತ್ತದೆ ಅಂತ ಆ ಸೀಮೆಯವರ ನಂಬಿಕೆ. ಹಾಗಾಗಿ ನೀರೆತ್ತುವಾಗ, ಗೊಬ್ಬರ ಎತ್ತುವಾಗ, ಜಗಳಕ್ಕೆ ಕೈ ಎತ್ತುವಾಗ ಸೊಂಟ ಹಿಡಿದವರೆಲ್ಲ ಬಂದು ಮಾಯಿಗನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಅವನು ಮೂರು ಸಲ ತಾಗಿಸುವನು, ಆಮೇಲೆ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವನು. ಯಾರಿಗಾದರೂ ಕಾಲು ತಾಗಿದರೆ ಹಾಗೆ ಮಾಡಬೇಕು ಅಂತ ಅವ್ವ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು.

ಪಕ್ಕದ ಮನೆ ಹೊಂಬಾಳಮ್ಮನ ಹಸು ಕರು ಹಾಕಿದಾಗ ಮಾಯಿಗ ಕೊಟ್ಟಿಗೆಯಲ್ಲೇ ಇದ್ದ. ಮೊದಲು ಎರಡು ಪುಟ್ಟ ಗೊರಸು ಆಚೆ ಬಂದವು. ಅವನು ಒಂದೇ ಉಸಿರಿಗೆ ಮನೆಗೆ ಓಡಿದ.

"ಅವ್ವಾ! ನನ್ ತಮ್ಮ ಹುಟ್ಟಿದ! ಕಾಲು ಮೊದ್ಲು!"

"ಕರುಗಳೆಲ್ಲ ಹಂಗೇ ಬರೋದು ಕಣೋ ಪೆದ್ದು ಮುಂಡೇದೆ!"

"ಎಲ್ಲಾವೂ? ಅಷ್ಟೊಂದು ತಮ್ಮಂದಿರಾ!"

ಹೀಗಿರುವಾಗ ಒಂದು ಗುರುವಾರ, ಬಾಣಂತಿಯೊಬ್ಬಳಿಗೆ ನೀರು ಹಾಕಲು ಹೋದ ಚಿಕ್ಕತಾಯಮ್ಮ ಹಂಡೆ ಎತ್ತಲು ಬಗ್ಗಿದಳು. ಹಂಡೆ ಎದ್ದಿತು. ಅವಳು ಏಳಲಿಲ್ಲ!

ಸೊಂಟ ಹಿಡಿದುಬಿಟ್ಟಿತು. ಬಗ್ಗಿದವಳು ಬಗ್ಗಿದ ಹಾಗೇ, ಮೊಣಕಾಲ ಮೇಲೆ ಕೈ ಊರಿಕೊಂಡು ಮನೆ ಸೇರಿದಳು. ಲಕ್ಕಿ ಸೊಪ್ಪಿನ ಶಾಖ ಕೊಟ್ಟುಕೊಂಡಳು, ಉಪ್ಪಿನ ಗಂಟು ಇಟ್ಟುಕೊಂಡಳು. ಮಾಂಸ ಸಡಿಲವಾಯಿತು, ಎಲುಬು ಜಾಗಕ್ಕೆ ಬರಲಿಲ್ಲ. ಅವತ್ತಿಂದ ಅವಳಿಗೆ ಕಾಣುವುದೆಲ್ಲ ನೆಲ, ನೆಲದ ಮೇಲೆ ಬಂದುಹೋಗುವ ಕಾಲು. ಒಡೆದ ಹಿಮ್ಮಡಿ ಬಂದರೆ ಹೊಂಬಾಳಮ್ಮ. ಹೆಬ್ಬೆರಳಿಗೆ ಕೆಸರು ಮೆತ್ತಿದ್ದರೆ ಮಾಯಿಗ. ಆ ಕೆಸರು ಮೆತ್ತಿದ ಹೆಬ್ಬೆರಳು ನೋಡಿದಾಗಲೆಲ್ಲ ಅವಳ ಎದೆಯಲ್ಲಿ ಒಂದೇ ಮಾತು: ನಾನು ಹಿಂಗೇ ಉಳಿದುಬಿಟ್ಟರೆ ಇವನಿಗೆ ಮುದ್ದೆ ತೊಳಸೋರು ಯಾರು?

ಅವಳ ಸೊಂಟ ಹಿಡಿದರೇನು, ಊರಿನವರ ನೋವು ನಿಲ್ಲುತ್ತದೆಯೇ? ಶುಕ್ರವಾರ ಬೆಳಗ್ಗೆ ಗಾಡಿ ಹೊಡೆಯುವ ಕರಿಗೌಡ ಕುತ್ತಿಗೆ ಒಂದು ಕಡೆ ವಾಲಿಸಿಕೊಂಡು ಬಂದ. ನೋವು ಅಂತ ಬಾಗಿಲಿಗೆ ಬಂದವರನ್ನು ಚಿಕ್ಕತಾಯಮ್ಮ ವಾಪಸು ಕಳಿಸಿದವಳಲ್ಲ.

"ಮಗಾ, ಎಣ್ಣೆ ಬೆಚ್ಚಗೆ ಮಾಡ್ಕೊ. ಕುತ್ತಿಗೆಯಿಂದ ಸೊಂಟದ ತನಕ ಮೇಲಿಂದ ಕೆಳಕ್ಕೆ ನೀವು. ಗೌಡ ಸಾಕು ಅನ್ನೋ ತನಕ ನಿಲ್ಲಿಸಬ್ಯಾಡ" ಅಂತ ಹೇಳಿ ಒಳಗೆ ಹೋಗಿ ಒರಗಿಕೊಂಡಳು.

ಮಾಯಿಗ ನೀವಿದ. ಹಿತವಾಗಿ ನೀವಿದ. ಗೌಡನಿಗೆ ನಿದ್ದೆ ಹತ್ತಿತು. ನಿದ್ದೆ ಹೋದವನು ಸಾಕು ಅನ್ನುತ್ತಾನೆಯೇ? ಮಾಯಿಗ ನೀವುತ್ತಲೇ ಇದ್ದ. ದನ ಮೇಯಲು ಹೋದವು, ನೀವಿದ. ದನ ನೀರು ಕುಡಿದವು, ನೀವಿದ. ದನ ವಾಪಸು ಬಂದವು, ಇನ್ನೂ ನೀವುತ್ತಿದ್ದ! ಕುಡಿಕೆಯ ಎಣ್ಣೆ ಮುಗಿಯಿತು. ದೀಪದ ಎಣ್ಣೆ ಮುಗಿಯಿತು. ಕೊನೆಗೆ ಉಪ್ಪಿನಕಾಯಿ ಜಾಡಿಯ ಮೇಲೆ ತೇಲುತ್ತಿದ್ದ ಎಣ್ಣೆಗೆ ಕೈ ಹಾಕಿದ.

"ಅಯ್ಯಯ್ಯೋ! ಉರಿ! ಉರಿ! ಸಾಕೋ! ಸಾಕೋ!"

ಗೌಡ ಕೆರೆಗೆ ಓಡಿದ. ಕುತ್ತಿಗೆ ನೋವು ಹೋಗಿತ್ತು ಅನ್ನುವುದು ಅವನಿಗೆ ಹೊಳೆದದ್ದು ನೀರಿಗೆ ಬಿದ್ದ ಮೇಲೆ.

ಚಿಕ್ಕತಾಯಮ್ಮ ಮಗನ ಹೆಬ್ಬೆರಳು ನೋಡಿಕೊಂಡು ಬೈದಳು. "ಕಾಲು ಮೊದ್ಲು ಬಂತು ಕಣ್ಲಾ ನಿಂದು, ಬುದ್ಧಿ ಇನ್ನೂ ದಾರೀಲೇ ಐತೆ!"

"ಬರ್ಲಿ ಬಿಡವ್ವ. ಕಾಯ್ತೀನಿ."

"ಇನ್ಮೇಲೆ ಕೇಳು. ಮಲಗಿದೋರು ಕಣ್ಣು ಮುಚ್ಚಿದ ತಕ್ಷಣ ಕೈ ತೆಗೀಬೇಕು. ತಣ್ಣಗಾಳಿ ತಾಗದಂಗೆ ಬಟ್ಟೆ ಹೊದಿಸಬೇಕು. ಸದ್ದು ಮಾಡದಂಗೆ ಆಚೆ ಬಂದು ಬಾಗಿಲಲ್ಲಿ ಕೂತ್ಕೋಬೇಕು. ತಿಳೀತಾ?"

"ತಿಳೀತು!"

ಶನಿವಾರ ಮುದ್ದಜ್ಜಿ ಬಂದಳು. ಎಂಬತ್ತು ದಾಟಿದ ಜೀವ, ಬೆನ್ನು ಸೆಳೆತ. ಮಾಯಿಗ ಜಗಲಿ ಮೇಲೆ ಚಾಪೆ ಹಾಸಿ ಮಲಗಿಸಿದ. ಬಿಸಿ ಎಣ್ಣೆಯ ಮೊದಲ ಹನಿ ಬಿದ್ದದ್ದೇ ಅಜ್ಜಿ ಹಾಯ್ ಅಂತ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿತಲ್ಲ! ಕೈ ತೆಗೆದ. ತಣ್ಣಗಾಳಿ ತಾಗದಂತೆ ಅಂಗಾಲಿನಿಂದ ನೆತ್ತಿಯವರೆಗೆ ಬಿಳೀ ಪಂಚೆ ಹೊದಿಸಿದ. ಬಾಗಿಲಲ್ಲಿ ಗಲ್ಲಕ್ಕೆ ಕೈ ಇಟ್ಟುಕೊಂಡು, ಸದ್ದು ಮಾಡದೆ ಕೂತ.

ದಾರಿಯಲ್ಲಿ ಹೋಗುತ್ತಿದ್ದವಳೊಬ್ಬಳು ನೋಡಿದಳು. ಬಿಳೀ ಬಟ್ಟೆ ಕಂಡಳು, ಗಲ್ಲಕ್ಕೆ ಕೈ ಕಂಡಳು.

"ಅಯ್ಯೋ ಮುದ್ದಜ್ಜೀ! ಹೋಗ್ಬಿಟ್ಟೆಯಾ!"

ಒಬ್ಬಳು ಅತ್ತಳು, ನಾಲ್ವರು ಬಂದರು. ನಾಲ್ವರು ಅತ್ತರು, ನಲವತ್ತು ಜನ ಬಂದರು. ಯಾರೋ ಬಿದಿರು ಕಡಿಯಲು ಹೋದರು, ಯಾರೋ ತಮಟೆಯವರಿಗೆ ಹೇಳಿ ಕಳಿಸಿದರು. ಮಾಯಿಗ ತುಟಿಗೆ ಬೆರಳಿಟ್ಟು, "ಶ್! ಸದ್ದು ಮಾಡಬ್ಯಾಡಿ" ಅಂದ. ಅದನ್ನು ಕೇಳಿ ಪಾಪ ಎಷ್ಟು ದುಃಖ ಇವನಿಗೆ ಅಂತ ಇನ್ನೂ ಜೋರಾಗಿ ಅತ್ತರು.

ಗಲಾಟೆಗೆ ಮುದ್ದಜ್ಜಿಗೆ ಎಚ್ಚರವಾಯಿತು. ಪಂಚೆ ಸರಿಸಿ ಎದ್ದು ಕೂತಳು.

"ಯಾರು ಸತ್ತಿದ್ದು? ತಡೀರೋ, ನಾನೂ ಬತ್ತೀನಿ!"

ಅರ್ಧ ಊರು ಓಡಿತು. ಓಡದೆ ನಿಂತವರನ್ನು ಅಜ್ಜಿ ಒಬ್ಬೊಬ್ಬರನ್ನೇ ನೋಡಿದಳು. ತನ್ನ ಸೊಸೆಯ ಕಣ್ಣಲ್ಲೇ ಒಂದು ಹನಿಯೂ ಇರಲಿಲ್ಲ. ಆ ಮನೆಯಲ್ಲಿ ಅವತ್ತು ಒಲೆ ಹತ್ತಲಿಲ್ಲ ಅನ್ನುತ್ತಾರೆ.

"ಕಾಲು ಮೊದ್ಲು ಬಂತು ಕಣ್ಲಾ ನಿಂದು!" ಅಂದಳು ಚಿಕ್ಕತಾಯಮ್ಮ.

"ಬುದ್ಧಿ ದಾರೀಲೈತೆ. ಕಾಯ್ತೀನಿ ಬಿಡವ್ವ."

"ಹಂಗೆ ಸುಮ್ಕೆ ಕೂತ್ರೆ ಜನ ಏನಂದ್ಕೋತಾರೆ? ಬಾಗಿಲಿಗೆ ಬಂದೋರು ಯಾರೇ ಆಗ್ಲಿ, ಅವ್ರು ಬಾಯಿ ಬಿಡೋಕೆ ಮುಂಚೆ ನೀನೇ ಹೇಳ್ಬೇಕು, ಜೀವಕ್ಕೇನೂ ಇಲ್ಲ, ಸೊಂಟ ಹಿಡ್ಕೊಂಡೈತೆ ಅಷ್ಟೇ, ಅಂತ!"

"ಹೇಳ್ತೀನಿ!"

ಭಾನುವಾರ ಹೊಂಬಾಳಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹೊಸಬರು, ಮನೆ ಗೊತ್ತಿಲ್ಲ. ಜಗಲಿಯಲ್ಲಿ ಕೂತಿದ್ದ ಮಾಯಿಗನ ಹತ್ತಿರ ಬಂದು ಗಂಡಿನ ತಾಯಿ, "ಏನಪ್ಪಾ, ಹೆಣ್ಣಿನ..." ಅನ್ನುವಷ್ಟರಲ್ಲಿ,

"ಜೀವಕ್ಕೇನೂ ಇಲ್ಲ! ಸೊಂಟ ಹಿಡ್ಕೊಂಡೈತೆ ಅಷ್ಟೇ!"

"ಆಂ? ಹುಡುಗಿಗಾ?"

"ಜೀವಕ್ಕೇನೂ ಇಲ್ಲ!"

"ಓಡಾಡ್ತಾಳೋ ಇಲ್ವೋ?"

"ಸೊಂಟ ಹಿಡ್ಕೊಂಡೈತೆ ಅಷ್ಟೇ!"

ತಂದ ಹೂವು ಹಣ್ಣು ತಂದ ಹಾಗೇ ಹಿಂದಿರುಗಿತು. ಹುಡುಗಿ ಮಾತ್ರ ಒಳಗೊಳಗೇ ಕುಣಿದಳು. ಆ ಗಂಡು ಮೂಗಿನಲ್ಲಿ ಮಾತಾಡುತ್ತಾನೆ ಅಂತ ಅವಳಿಗೆ ಮೊದಲೇ ಸುದ್ದಿ ಬಂದಿತ್ತು. ಅವಳ ತಾಯಿಗೆ ಅದು ಗೊತ್ತೇ? ಪೊರಕೆ ಹಿಡಿದೇ ಬಂದಳು.

"ತಾಯಕ್ಕಾ! ನಿನ್ ಮಗನ್ನ ಇವತ್ತು ಬಿಡಾಕಿಲ್ಲ ನಾನು!"

ಒಡೆದ ಹಿಮ್ಮಡಿ ಮುಂದೆ, ಕೆಸರಿನ ಹೆಬ್ಬೆರಳು ಹಿಂದೆ, ಅಂಗಳದ ತುಂಬ ಮೂರು ಸುತ್ತು. ಅಲ್ಲ, ಹೆಬ್ಬೆರಳು ಮುಂದೆ, ಹಿಮ್ಮಡಿ ಹಿಂದೆ. ಬಗ್ಗಿದವಳ ಕಣ್ಣಿಗೆ ಎಲ್ಲ ಒಂದೇ ದೂಳು. ಹೊಂಬಾಳಮ್ಮನೇ ಸುಸ್ತಾಗಿ ಕೂತಳು. ಚಿಕ್ಕತಾಯಮ್ಮ ಮಗನಿಗೆ ಬೈದು ಬೈದು, ಕೊನೆಗೆ ಅಂದಳು: "ಇನ್ಮೇಲೆ ಯಾರಾದ್ರೂ ಬಂದ್ರೆ ಚಾಪೆ ಹಾಸು, ಕೂರಿಸು, ನೀರು ಬೆಲ್ಲ ಕೊಡು. ನಗ್ತಾ ಇರು. ಏನ್ ಕೇಳಿದ್ರೂ ತುಟಿ ಬಿಚ್ಚಬ್ಯಾಡ! ನನ್ನಾಣೆ!"

ಹೊಂಬಾಳಮ್ಮ ಬೈಯುವವಳೇ ಹೊರತು ಕೆಟ್ಟವಳಲ್ಲ. ಅವಳೇ ಒಂದು ಏರ್ಪಾಡು ಮಾಡಿದಳು. ಹೊಳೆಯಾಚೆ ಜವರಪ್ಪ ಅಂತ ಒಬ್ಬ ಮುದುಕನಿದ್ದ. ಬೆನ್ನೆಲುಬಿನ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ಮಗ್ಗುಲು ಮಲಗಿಸಿ, ಸೊಂಟಕ್ಕೆ ಮೊಣಕಾಲು ಕೊಟ್ಟು, ಹೆಗಲು ಹಿಡಿದು ಒಂದೇ ತಿರುವು. ಲಟಕ್! ಎದ್ದು ನಡೆದುಕೊಂಡು ಹೋಗಬೇಕು, ಅಷ್ಟೇ. ಅವನದೊಂದು ಕಟ್ಟುಪಾಡು ಮಾತ್ರ ಇತ್ತು. ಇಂಥವರಿಗೆ ಇಂಥಾ ನೋವು, ನೋಡಪ್ಪಾ ಅಂತ ಮನೆಯವರು ಬಾಯಿಬಿಟ್ಟು ಕೇಳಬೇಕು. ಕೇಳದೆ ಕೈ ಇಟ್ಟರೆ ಕೈಗುಣ ಹೋಗುತ್ತದೆ ಅಂತ ಅವನ ಗುರು ಹೇಳಿದ್ದನಂತೆ. ಜವರಪ್ಪ ಸೋಮವಾರ ಮಗಳ ಮನೆಗೆ ಹೊರಟಿದ್ದ, ದೂರದ ಊರು, ವಾಪಸು ಬರುವುದು ಸುಗ್ಗಿ ಮುಗಿದ ಮೇಲೆ. "ಹೋಗೋ ದಾರೀಲಿ ಒಂದ್ ಗಳಿಗೆ ಇಲ್ಲಿಗೆ ಬಂದು ಹೋಗು ತಾತ" ಅಂತ ಹೇಳಿ ಕಳಿಸಿ, ಹೊಂಬಾಳಮ್ಮ ಹೊಲಕ್ಕೆ ಹೋದಳು.

ಸೋಮವಾರ ಮಧ್ಯಾಹ್ನ. ನಾಲ್ಕು ದಿನದಿಂದ ರೆಪ್ಪೆ ಮುಚ್ಚದ ಚಿಕ್ಕತಾಯಮ್ಮನಿಗೆ ಶಾಖದ ಬಿಸಿಗೆ ಒಳಮನೆಯಲ್ಲಿ ಜೋಂಪು ಹತ್ತಿತ್ತು. ಜವರಪ್ಪ ಕೋಲೂರಿಕೊಂಡು ಬಂದ.

"ಯಾರಪ್ಪಾ ಮನೇಲಿ? ಯಾರಿಗೋ ಸೊಂಟ ಹಿಡಿದೈತಂತೆ?"

ಮಾಯಿಗ ಚಾಪೆ ಹಾಸಿದ. ನಕ್ಕ.

"ನಿನಗೇನಪ್ಪ?"

ನೀರು ತಂದಿಟ್ಟ. ನಕ್ಕ.

"ನಿಮ್ಮವ್ವನಿಗೋ?"

ಬೆಲ್ಲ ತಂದಿಟ್ಟ. ನಕ್ಕ.

"ಲೋ, ಮಾತು ಬರಾಕಿಲ್ವೇನ್ಲಾ ನಿಂಗೆ?"

ಇನ್ನೊಂದು ಅಚ್ಚು ಬೆಲ್ಲ ತಂದಿಟ್ಟ. ಹಲ್ಲೆಲ್ಲ ಕಾಣುವ ಹಾಗೆ ನಕ್ಕ.

ಜವರಪ್ಪ ಬೆಲ್ಲ ತಿಂದ, ನೀರು ಕುಡಿದ, ಅವನ ತಲೆ ಸವರಿದ. "ಪಾಪ. ಕೆಟ್ಟಿರೋದು ಸೊಂಟ ಅಲ್ಲ, ಇಲ್ಲಿ. ಇದು ನನ್ನ ಕೈಯಾಗೆ ಆಗೋದಲ್ಲ" ಅಂದು ಕೋಲು ತೆಗೆದುಕೊಂಡು ಹೊರಟೇಹೋದ.

ಚಿಕ್ಕತಾಯಮ್ಮ ಎದ್ದು ಬಂದಳು. "ಜವರಪ್ಪ ಬಂದ್ನೇನ್ಲಾ?"

"ಬಂದಿದ್ದ ಕಣವ್ವ! ಕೂರಿಸ್ದೆ. ನೀರು ಕೊಟ್ಟೆ. ಬೆಲ್ಲ ಕೊಟ್ಟೆ, ಎರಡಚ್ಚು. ಎಷ್ಟ್ ಕೇಳಿದ್ರೂ ತುಟಿ ಬಿಚ್ಚಲಿಲ್ಲ ನಾನು! ಹೊಂಟೋದ."

ಮಾಯಿಗ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಇನ್ನೂ ಸ್ವಲ್ಪ ಕಾದ.

"ಬೈಯವ್ವ."

ಕೆಸರು ಮೆತ್ತಿದ ಅವನ ಹೆಬ್ಬೆರಳ ಮೇಲೆ ತಟಕ್ಕನೆ ಒಂದು ಹನಿ ಬಿತ್ತು. ಮಾಯಿಗ ಮೇಲೆ ನೋಡಿದ.

"ಸೂರು ಸೋರ್ತೈತೆ ಕಣವ್ವ. ಮಳೇನೇ ಇಲ್ಲ, ಆದ್ರೂ ಸೋರ್ತೈತೆ."

ಸಂಜೆ ಹೊಂಬಾಳಮ್ಮ ಬಂದಳು, ವಿಷಯ ಕೇಳಿದಳು, ಹಣೆ ಹಣೆ ಬಡಿದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ತಾಯಕ್ಕ, ಊರಿನ ಸೊಂಟಕ್ಕೆಲ್ಲ ಕಾಲು ಕೊಡೋ ಮಗ ಮನೇಲೇ ಅವ್ನೆ. ಮೂರೇ ಸಲ ತಾಗಿಸ್ಕೊಂಡ್ರೆ..."

"ಬ್ಯಾಡ! ಹೆತ್ತ ತಾಯಿಗೆ ಮಗ ಕಾಲು ತಾಗಿಸೋದಾ? ನನ್ ಸೊಂಟ ನೆಟ್ಟಗಾಗಿ ಅವನಿಗೆ ಪಾಪ ಸುತ್ಕೊಂಡ್ರೆ? ನಾನು ಹಿಂಗೇ ಬಗ್ಗಿರ್ತೀನಿ."

"ಹೊಟ್ಟೇಲಿದ್ದಾಗ ಒಂಬತ್ತು ತಿಂಗ್ಳು ಒದ್ದಿಲ್ವಾ?"

"ಆಗ ಅವನಿಗೇನೂ ತಿಳೀತಿರ್ಲಿಲ್ಲ."

"ಈಗ ತಿಳಿಯುತ್ತಾ?"

ಚಿಕ್ಕತಾಯಮ್ಮನಿಗೆ ನಗು ಬಂತು. ನಕ್ಕರೆ ಸೊಂಟ ಚುಳ್ ಅಂತು. ಆದರೂ ಹಟ ಬಿಡಲಿಲ್ಲ. ಮಗನನ್ನು ಕರೆದು ಹೇಳಿದಳು: "ಮಾಯಿಗಾ, ನೀನು ಮಾತ್ರ ನನ್ ಮೈಗೆ ಕಾಲು ತಾಗಿಸಕೂಡದು. ಕಾಲು ಮುಂದಾಗಿ ಹುಟ್ಟಿರೋರು ಬೇರೆ ಯಾರಾದ್ರೂ ಇದ್ರೆ ಹುಡುಕ್ಕೊಂಡ್ ಬಾ. ಹೋಗು."

ಮಂಗಳವಾರ ಬೆಳಗ್ಗೆ ಮಾಯಿಗ ಮನೆ ಮನೆ ತಿರುಗಿದ.

"ಗೌಡ್ರೇ, ನೀವು ಹುಟ್ಟುವಾಗ ಕಾಲು ಮೊದ್ಲಾ ತಲೆ ಮೊದ್ಲಾ?"

ಕರಿಗೌಡ ಅವನನ್ನು ಕಂಡದ್ದೇ ಬೆನ್ನು ಮುಚ್ಚಿಕೊಂಡು ಓಡಿದ. ತೆಂಗಿನಕಾಯಿ ಸುಲಿಯುತ್ತಿದ್ದವನೊಬ್ಬ ಮಚ್ಚು ಎತ್ತಿದ. ಮುದ್ದಜ್ಜಿ ಒಬ್ಬಳೇ ಸಮಾಧಾನವಾಗಿ ಉತ್ತರ ಕೊಟ್ಟಳು.

"ನಾನು ಹುಟ್ಟಿದ್ದು ನೋಡಿದೋರು ಯಾರೂ ಉಳಿದಿಲ್ಲ ಮಗಾ. ಹೋಗೋವಾಗ ಹೆಂಗೂ ಕಾಲು ಮುಂದಾಗೇ ಹೋಗ್ತೀನಿ, ಆಗ ಬಾ."

ಎಂಬತ್ತು ಮನೆ ಮುಗಿಯಿತು. ಒಂದು ಕಾಲೂ ಸಿಗಲಿಲ್ಲ. ಮಾಯಿಗ ಹೊಂಬಾಳಮ್ಮನ ಕೊಟ್ಟಿಗೆ ಮುಂದೆ ಕುಕ್ಕರಿಸಿದ. ಒಳಗಿಂದ ಅಂಬಾ ಅಂತ ಕೇಳಿಸಿತು.

ತಮ್ಮ!

ಅಂಗಳದಲ್ಲಿ ಒರಳುಕಲ್ಲು ಹಿಡಿದು ಬಗ್ಗಿ ನಿಂತಿದ್ದ ಚಿಕ್ಕತಾಯಮ್ಮನಿಗೆ ಮೊದಲು ಕೆಸರಿನ ಹೆಬ್ಬೆರಳು ಕಾಣಿಸಿತು. ಅದರ ಹಿಂದೆ ನಾಲ್ಕು ಪುಟ್ಟ ಗೊರಸು.

"ಯಾರ್ಲಾ ಅದು ನಿನ್ ಜೊತೆ?"

"ತಮ್ಮ ಕಣವ್ವ. ಕಾಲು ಮೊದ್ಲು ಬಂದಿದ್ದು ನಾನೇ ನೋಡಿವ್ನಿ. ಇನ್ನೂ ಹಾಲು ಕುಡಿಸಿಲ್ಲ, ಹಸಿದ ಹೊಟ್ಟೆ."

"ಅಯ್ಯೋ ಶಿವನೇ! ಲೋ, ಬ್ಯಾಡ..."

"ನಾನು ತಾಗಿಸಲ್ಲ ಕಣವ್ವ, ಅದು ತಾಗಿಸ್ತೈತೆ." ಮಾಯಿಗ ಕರುವಿನ ಮುಂಗಾಲು ಎತ್ತಿ ಹಿಡಿದು, ಅವ್ವನ ಸೊಂಟಕ್ಕೆ ಹೂವಿನ ಹಾಗೆ ತಾಗಿಸಿದ. "ಒಂದು." ಕರು ಸುಮ್ಮನಿತ್ತು. ಮತ್ತೆ ತಾಗಿಸಿದ. "ಎರಡು." ಕರು ಕಿವಿ ಅಲ್ಲಾಡಿಸಿತು.

"ಅಯ್ಯೋ ನನ್ ಕರಾ!" ಅಂತ ಬೇಲಿಯಾಚೆಯಿಂದ ಹೊಂಬಾಳಮ್ಮ ಕಿರುಚಿದ್ದೇ ತಡ, ಕರು ಬೆದರಿತು, ಗರ್ರನೆ ತಿರುಗಿತು, ಹಿಂಗಾಲು ಎರಡೂ ಎತ್ತಿ ಝಾಡಿಸಿ ಒದೆಯಿತು.

"ಮೂರು!" ಅಂದ ಮಾಯಿಗ.

ಲಟಕ್!

ಬೇವಿನ ಮರದ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಹೊಂಬಾಳಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಮಾಯಿಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬೋ ಅಂತ ಅತ್ತ.

"ಅವ್ವ ಮುರಿದೋಯ್ತು! ಅವ್ವ ಮುರಿದೋಯ್ತು!"

ಅವ್ವ ಮುರಿದಿರಲಿಲ್ಲ. ಅವ್ವ ನಿಂತಿದ್ದಳು. ನೆಟ್ಟಗೆ! ಮೊದಲು ಬೇವಿನ ತುದಿ ಕಂಡಳು. ಆಮೇಲೆ ಮನೆಯ ಹೆಂಚು. ಆಮೇಲೆ ಹೊಂಬಾಳಮ್ಮನ ಪೂರ್ತಿ ಮುಖ. ಆಮೇಲೆ ಮಗನ ಹತ್ತಿರ ಬಂದು ಅವನ ಕೈ ಎರಡೂ ಸರಿಸಿದಳು. ಐದು ದಿನವಾಗಿತ್ತು ಆ ಮುಖ ನೋಡಿ.

"ಇದೇನ್ಲಾ ಗಡ್ಡ? ಕೆನ್ನೆ ಯಾಕೆ ಒಳಕ್ಕೋಗೈತೆ? ಉಂಡಿಲ್ವಾ ನೀನು?"

"ಕೂತ್ಕೊಂಡು ಉಣ್ಣು ಮಗಾ ಅಂತ ನೀನು ಹೇಳ್ಲಿಲ್ವಲ್ಲವ್ವ."

ಚಿಕ್ಕತಾಯಮ್ಮನಿಗೆ ಬೈಯಬೇಕು ಅನ್ನಿಸಿತು. ಬೈಯಲು ಬಾಯಿ ತೆರೆದರೆ ಬಂದದ್ದು ಬೇರೆ ಏನೋ. ಸೆರಗಿನಿಂದ ಮಗನ ಮೂಗು ಒರೆಸಿದಳು. ಅಷ್ಟರಲ್ಲಿ ಅವನು ಓಡಿಹೋಗಿ ಕರುವನ್ನು ಹಿಡಿದು, ಅದರ ಗೊರಸನ್ನು ಅವ್ವನ ಪಾದಕ್ಕೆ ಮುಟ್ಟಿಸಿ, ಅದರ ಕಣ್ಣಿಗೆ ಒತ್ತಲು ಹೆಣಗಾಡತೊಡಗಿದ್ದ. "ಕಾಲು ತಾಗ್ತಲ್ಲ, ಕಣ್ಣಿಗೆ ಒತ್ಕೋ! ತಮ್ಮಾ, ಒತ್ಕೋ!"

ಅವತ್ತು ಮುದ್ದೆ ತೊಳಸುವಾಗ ಚಿಕ್ಕತಾಯಮ್ಮ ಕೋಲನ್ನು ಬೇಕು ಬೇಕೆಂದೇ ಇನ್ನೆರಡು ಸುತ್ತು ತಿರುಗಿಸಿದಳು. ಬಿಸಿ ಮುದ್ದೆ ಮಗನ ತಟ್ಟೆಗೆ ಹಾಕಿ, ಕೂತು ಉಣ್ಣು ಅಂತ ಹೇಳಿ, ಅವನು ಉಂಡು ಮುಗಿಸಿದ ಮೇಲೆ ನಿಧಾನಕ್ಕೆ ಅಂದಳು: "ಕಾಲು ಮೊದ್ಲು ಬಂತು ಕಣ್ಲಾ ನಿಂದು. ಬುದ್ಧಿ ಇನ್ನೂ ದಾರೀಲೇ ಐತೆ. ಆದ್ರೂ ಇವತ್ತು ಹತ್ರಕ್ಕೆ ಬಂದಂಗೈತೆ."

ಮಾಯಿಗ ಸಟಕ್ಕನೆ ಎದ್ದು ಆಚೆ ಹೋದ. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಚಿಕ್ಕತಾಯಮ್ಮ ಬಂದು ನೋಡುತ್ತಾಳೆ, ಜಗಲಿ ಗುಡಿಸಿದ್ದಾನೆ. ಚಾಪೆ ಹಾಸಿದ್ದಾನೆ. ಚಾಪೆ ಮುಂದೆ ಒಂದು ಚೊಂಬು ನೀರು, ಒಂದಚ್ಚು ಬೆಲ್ಲ. ತಾನು ಪಕ್ಕದಲ್ಲಿ ಕೂತು, ದಾರಿ ನೋಡುತ್ತಾ ಸುಮ್ಮನೆ ನಗುತ್ತಿದ್ದಾನೆ.

"ಯಾರ್ಲಾ ಬರೋದು?"

ಮಾಯಿಗ ತುಟಿ ಬಿಚ್ಚಲಿಲ್ಲ. ಬರುವವರಿಗೆ ಚಾಪೆ ಹಾಸಿದ ಮೇಲೆ ಮಾತಾಡಬಾರದು ಅಂತ ಆಣೆ ಇತ್ತಲ್ಲ!

"ಆಣೆ ಬಿಟ್ಟೆ, ಹೇಳ್ಲಾ."

"ಬುದ್ಧಿ ಕಣವ್ವ. ಹತ್ರಕ್ಕೆ ಬಂದೈತೆ ಅಂದೆಯಲ್ಲ. ಇಪ್ಪತ್ತೈದು ವರ್ಷ ನಡೆದು ಬಂದೈತೆ, ಪಾಪ, ಸೊಂಟ ಬಿದ್ದೋಗಿರ್ತದೆ. ಬಂದ ತಕ್ಷಣ ನೀನೇ ಒಸಿ ಎಣ್ಣೆ ಹಚ್ಚು."

ಚಿಕ್ಕತಾಯಮ್ಮ ಒಳಗೆ ಹೋಗಿ ಹರಳೆಣ್ಣೆ ಕುಡಿಕೆ ತಂದು ಮಗನ ಪಕ್ಕದಲ್ಲಿ ಕೂತಳು. ಬೆನ್ನು ನೆಟ್ಟಗೆ ಮಾಡಿಕೊಂಡು ಅವಳೂ ದಾರಿ ನೋಡಿದಳು.

ಇಬ್ಬರೂ ಕಾದರು. ಹಗ್ಗ ಕಿತ್ತುಕೊಂಡ ಕರು ಬೇಲಿ ಸಂದಿಯಿಂದ ನುಗ್ಗಿತು. ಒಂದು ಗೊರಸು ಚಾಪೆ ಮೇಲಿಟ್ಟಿತು. ಇನ್ನೊಂದು ಗೊರಸು ಇಟ್ಟಿತು. ನೀರು ಕುಡಿಯಿತು, ಬೆಲ್ಲ ನೆಕ್ಕಿತು.

ಮಾಯಿಗ ಚಂಗನೆ ಎದ್ದು ಊರಿಗೆಲ್ಲ ಕೇಳುವಂತೆ ಕೂಗಿದ:

"ಬಂತು ಕಣವ್ವಾ! ನನ್ ಬುದ್ಧಿ ಬಂತು! ಅದಕ್ಕೂ ಕಾಲೇ ಮೊದ್ಲು!"